ಮಾಳಪ್ಪ ಹೆಸರಿಟ್ಟ ಬಟನ್‌ಗಳು

ಉಗರಗೋಳದಿಂದ ಎಲ್ಲಮ್ಮನ ಗುಡ್ಡಕ್ಕೆ ಏರುವ ರಸ್ತೆಯ ಎಡಕ್ಕೆ ಹಸಿರು ಬಣ್ಣ ಬಳಿದ ತಗಡಿನ ಅಂಗಡಿಯೊಂದಿದೆ. ಕಾಯಿ, ಕರ್ಪೂರ, ಹಸಿರು ಬಳೆ, ಭಂಡಾರವೆನ್ನುವ ದೇವಿಯ ಅರಿಷಿಣಪುಡಿಯ ಪೊಟ್ಟಣ, ನೀರಿನ ಬಾಟಲಿ, ಎಲ್ಲ ಅಲ್ಲಿ ಸಿಗುತ್ತದೆ. ಅಂಗಡಿಯ ಮಾಲಕ ಮಾಳಪ್ಪ. ಗಿರಾಕಿ ಕಾಯಿ ಕೇಳಿದರೆ ಸುಮ್ಮನೆ ಎತ್ತಿ ಕೊಡುವ ಜಾಯಮಾನ ಅವನದಲ್ಲ. ಉಗುರಿನಿಂದ ಕುಟ್ಟುತ್ತಾನೆ, ಕಿವಿಯ ಹತ್ತಿರ ಅಲುಗಾಡಿಸುತ್ತಾನೆ, ಒಂದನ್ನು ಬದಿಗಿಟ್ಟು ಇನ್ನೊಂದನ್ನು ಕೈಗಿಡುತ್ತಾನೆ. ಅವನಿಗೆ ಕಣ್ಣು ಕಾಣುವುದಿಲ್ಲ ಎಂಬುದು ಹೊಸಬರಿಗೆ ಗೊತ್ತಾಗುವುದು ಕಾಯಿ ಕೈಗೆ ಬಂದಮೇಲೆಯೇ. ಗೊತ್ತಾದ ಕೂಡಲೇ ಅವರ ದನಿ ಏರುತ್ತದೆ. ಕಣ್ಣಿಲ್ಲದವನಿಗೆ ಕಿವಿಯೂ ಇರಲಿಕ್ಕಿಲ್ಲ ಎಂದು ಜನ ಯಾಕೆ ಅಂದುಕೊಳ್ಳುತ್ತಾರೋ ಆ ತಾಯಿಗೇ ಗೊತ್ತು.

ಹಾಲುಹಲ್ಲು ಬೀಳುವ ಮೊದಲೇ ಒಂದು ಜ್ವರ ಅವನ ಕಣ್ಣು ಕಸಿದುಕೊಂಡಿತ್ತು. ಬೆಳಗಾವಿಯಲ್ಲಿ ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಕಲಿತ, ಹತ್ತನೇ ಇಯತ್ತೆ ಮುಗಿಸಿದ, ಅಪ್ಪ ತೀರಿಕೊಂಡಾಗ ಊರಿಗೆ ಬಂದು ಅವ್ವ ಕರೆವ್ವನ ಜೊತೆ ಅಂಗಡಿ ನಡೆಸತೊಡಗಿದ. ಬೆರಳೇ ಅವನ ಕಣ್ಣು. ಹಳೆಯ ಬಟನ್ ಫೋನು ಅವನಿಗೆ ಎಷ್ಟು ಸಲೀಸಾಗಿತ್ತೆಂದರೆ, ಐದರ ಅಂಕಿಯ ಮೇಲಿನ ಸಣ್ಣ ಚುಕ್ಕೆಯೊಂದು ಬೆರಳಿಗೆ ಸಿಕ್ಕರೆ ಸಾಕು, ಉಳಿದ ಅಂಕಿಗಳೆಲ್ಲ ತಾವಾಗಿಯೇ ಸಾಲಿಗೆ ಬರುತ್ತಿದ್ದವು.

ಆಮೇಲೆ ಈ ಸ್ಮಾರ್ಟ್‌ಫೋನುಗಳು ಬಂದವು. ಯಾರೋ ಒಬ್ಬರು ಹೊಸ ಫೋನು ತಂದು ಅವನ ಕೈಯಲ್ಲಿಟ್ಟು ‘ನೋಡ್ರಿ ಹೆಂಗೈತಿ’ ಅಂದರು. ಏನು ನೋಡುವುದು? ನುಣ್ಣಗಿನ ಒಂದು ಗಾಜಿನ ಬಿಲ್ಲೆ. ಉಬ್ಬಿಲ್ಲ, ತಗ್ಗಿಲ್ಲ, ಹಿಡಿಯಲಿಕ್ಕೆ ಒಂದು ಗುರುತಿಲ್ಲ. ಮಾಳಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಜಗತ್ತೆಲ್ಲ ಸೇರಿ ತನ್ನೊಬ್ಬನನ್ನು ಹೊರಗಿಡಲು ಈ ಬಿಲ್ಲೆ ಮಾಡಿದ್ದಾರೆ ಎಂದು ವರ್ಷಗಟ್ಟಲೆ ಅದಕ್ಕೆ ಬೈದ. ಬೈಗುಳದಲ್ಲಿ ಅವನನ್ನು ಮೀರಿಸುವವರು ಉಗರಗೋಳದಲ್ಲಿ ಇಲ್ಲ.

ಕಿತ್ತೂರಿನಲ್ಲಿದ್ದ ಅವನ ಹಳೆಯ ಸಹಪಾಠಿಯೊಬ್ಬ, ಅವನೂ ಕಣ್ಣಿಲ್ಲದವನೇ, ಒಂದು ದಿನ ಫೋನು ಮಾಡಿ, ಆ ಗಾಜಿನ ಮೇಲೆ ಬೆರಳಿಟ್ಟರೆ ಅದು ಮಾತಾಡುತ್ತದೆ, ಬೆರಳ ಕೆಳಗೆ ಏನಿದೆಯೆಂದು ಕನ್ನಡದಲ್ಲೇ ಹೇಳುತ್ತದೆ ಅಂದ. ಮಾಳಪ್ಪ ನಂಬಲಿಲ್ಲ. ನಂಬದಿದ್ದರೂ ಮರುದಿನವೇ ಸವದತ್ತಿಯ ಬಸ್ಸು ಹತ್ತಿದ. ಅಂಥ ಮನುಷ್ಯ ಅವನು.

ಸವದತ್ತಿಯ ಪೇಟೆಯಲ್ಲಿ ಮೆಹಬೂಬಸಾಬರದು ಗಡಿಯಾರ ರಿಪೇರಿಯ ಅಂಗಡಿ. ಈಗ ಅದರ ಅರ್ಧ ಭಾಗ ಮಗಳು ಫರೀನಳದು. ಅಪ್ಪ ಒಂದು ಬದಿಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತರೆ ಮಗಳು ಇನ್ನೊಂದು ಬದಿಗೆ ಫೋನುಗಳ ಹೊಟ್ಟೆ ಬಿಚ್ಚಿಕೊಂಡು ಕೂರುತ್ತಾಳೆ. ಫರೀನ್ ಒಂದು ಕಡಿಮೆ ಬೆಲೆಯ ಫೋನು ತೆಗೆದು, ಪರದೆ ಓದುವ ಆ್ಯಪ್ ಒಂದನ್ನು ಅದಕ್ಕೆ ಇಳಿಸಿ, ಮಾಳಪ್ಪನ ತೋರುಬೆರಳು ಹಿಡಿದು ಗಾಜಿನ ಮೇಲೆ ಇಟ್ಟಳು. ‘ಕ್ಯಾಮೆರಾ’ ಅಂತು ಫೋನು. ಬೆರಳು ಸರಿಸಿದ. ‘ಸಂದೇಶಗಳು.’ ಇನ್ನೂ ಸರಿಸಿದ. ‘ಗಡಿಯಾರ.’ ಮಾಳಪ್ಪನ ರೋಮವೆಲ್ಲ ನಿಂತವು. ಬಿಲ್ಲೆಯ ತುಂಬ ಸಾಮಾನು ಇದ್ದವು, ಇಷ್ಟು ದಿನ ಯಾರೂ ತನಗೆ ಹೇಳಿರಲಿಲ್ಲ ಅಷ್ಟೆ. ಮರಳಿ ಬರುವಾಗ ಬಸ್ಸಿನಲ್ಲಿ ಬೆರಳಾಡಿಸುತ್ತ ಕುಳಿತವನು ಉಗರಗೋಳ ದಾಟಿದ್ದು ತಿಳಿಯದೆ ಸೀದಾ ಗುಡ್ಡದ ಮೇಲೆ ಹೋಗಿ ಇಳಿದ. ಅಲ್ಲಿಂದ ನಡೆದುಕೊಂಡು ಇಳಿದು ಬಂದ, ದಾರಿಯುದ್ದಕ್ಕೂ ಒಬ್ಬನೇ ನಗುತ್ತ.

ಒಂದು ವಸ್ತು ಕೈಗೆ ಬಂದರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯದೆ ಮಾಳಪ್ಪನಿಗೆ ನಿದ್ದೆ ಹತ್ತದು. ಫರೀನಳ ಜೀವ ತಿಂದ. ಬೆರಳು ಎಲ್ಲಿದೆಯೆಂದು ಅದಕ್ಕೆ ಹೇಗೆ ತಿಳಿಯುತ್ತದೆ, ಹೇಳುವವರು ಯಾರು, ಕೇಳುವವರು ಯಾರು. ಅವಳು ಬೇಸರಿಲ್ಲದೆ ಹೇಳಿದಳು. ಗಾಜು, ಬ್ಯಾಟರಿ, ಮೈಕು, ಸ್ಪೀಕರು ಇವೆಲ್ಲ ಬರೀ ಅಂಗಾಂಗ, ಅವುಗಳಿಗೆ ಸ್ವಂತ ಬುದ್ಧಿಯಿಲ್ಲ. ಅವುಗಳ ಮೇಲೆ ಕುಳಿತು ಎಲ್ಲವನ್ನೂ ಸಂಭಾಳಿಸುವುದು ಆಪರೇಟಿಂಗ್ ಸಿಸ್ಟಮ್ ಎಂಬ ಒಂದು ದೊಡ್ಡ ಪ್ರೋಗ್ರಾಮು. ನೀವು ಗಾಜು ಮುಟ್ಟಿದ್ದು ಮೊದಲು ಗೊತ್ತಾಗುವುದು ಅದಕ್ಕೆ. ಯಾವ ಆ್ಯಪಿನ ಮೇಲೆ ಬೆರಳು ಬಿತ್ತು ನೋಡಿ ಆ ಆ್ಯಪಿಗೆ ಅದು ಸುದ್ದಿ ಮುಟ್ಟಿಸುತ್ತದೆ. ಯಾವುದೇ ಆ್ಯಪು ಮೈಕು ಬಳಸಬೇಕೆಂದರೂ, ಫೋಟೋ ನೋಡಬೇಕೆಂದರೂ ಅದರ ಅಪ್ಪಣೆ ಬೇಕು. ಯಾರಿಗೆ ಎಷ್ಟು ಜಾಗ, ಬ್ಯಾಟರಿ ಕಡಿಮೆಯಾದರೆ ಯಾರನ್ನು ಮಲಗಿಸಬೇಕು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗದಂತೆ ಹೇಗೆ ತಡೆಯಬೇಕು, ಎಲ್ಲ ಅದರದೇ ಕಾರುಬಾರು.

ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಒಪ್ಪಿಸಿದ. ಕರೆವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಹತ್ತಾರು ಜನರ ಕೂಡುಕುಟುಂಬಕ್ಕೆ ಹಿರಿಯ ಸೊಸೆಯಾಗಿ ಬಂದು ಎಲ್ಲರ ಹೊಟ್ಟೆ, ಎಲ್ಲರ ಸಿಟ್ಟು ನೋಡಿಕೊಂಡಿದ್ದವಳು.

‘ದೊಡ್ಡ ಮನಿ ಹಿರೇಸೊಸಿ ಅನ್ನು,’ ಅಂದಳು. ‘ಎಲ್ಲಾರಿಗಿಂತ ಮೊದಲ ಏಳಾಕಿ, ಎಲ್ಲಾರೂ ಮಕ್ಕೊಂಡ ಮ್ಯಾಲೆ ಮಕ್ಕೊಳ್ಳಾಕಿ.’

ಅಂದಿನಿಂದ ಆ ಮನೆಯಲ್ಲಿ ಆಪರೇಟಿಂಗ್ ಸಿಸ್ಟಮಿಗೆ ಅದೇ ಹೆಸರು ನಿಂತಿತು.

ಇನ್ನು ಬಟನ್‌ಗಳ ವಿಷಯ. ಓದುಗ ಆ್ಯಪು ಹಿರೇಸೊಸೆಯನ್ನು ಕೇಳುತ್ತದೆ: ಈ ಬೆರಳ ಕೆಳಗೆ ಏನಿದೆ? ಆ್ಯಪು ಮಾಡಿದವರು ಏನು ಹೆಸರು ಬರೆದಿಟ್ಟಿದ್ದಾರೋ ಅದನ್ನು ಅವಳು ಹೇಳುತ್ತಾಳೆ. ಅವರು ಹೆಸರನ್ನೇ ಬರೆಯದಿದ್ದರೆ? ಒಂದು ಚಿತ್ರ ಅಂಟಿಸಿ ಕೈ ತೊಳೆದುಕೊಂಡಿದ್ದರೆ? ಆಗ ಅವಳಾದರೂ ಏನು ಹೇಳಿಯಾಳು. ‘ಬಟನ್’ ಅನ್ನುತ್ತಾಳೆ. ಮುಂದಿನದನ್ನು ಮುಟ್ಟಿದರೆ ಮತ್ತೆ ‘ಬಟನ್’. ಅದರ ಮುಂದಿನದೂ ‘ಬಟನ್’. ಕಣ್ಣಿದ್ದವರಿಗಾಗಿ ಚಿತ್ರ ಬಿಡಿಸಲು ಇಷ್ಟು ಪುರುಸೊತ್ತಿದ್ದ ಜನಕ್ಕೆ ಎರಡು ಶಬ್ದ ಬರೆಯಲು ಏನು ಧಾಡಿಯಾಗಿತ್ತು ಎಂದು ಮಾಳಪ್ಪ ಅಂಗಡಿಯಲ್ಲಿ ಕುಳಿತು ಕೂಗಾಡಿದ. ದುಡ್ಡು ಕೊಡುವ ಆ್ಯಪಿನಲ್ಲಿ ಒಂದು ಹೆಸರಿಲ್ಲದ ಬಟನ್ ಒತ್ತಿ ಯಾವುದೋ ಜಾಹೀರಾತಿನ ಪಾತಾಳಕ್ಕೆ ಬಿದ್ದು, ಮೇಲೆ ಬರಲಾರದೆ ಫೋನೇ ಬಂದ್ ಮಾಡಿದ್ದೂ ಉಂಟು.

ಓದುಗ ಆ್ಯಪಿನಲ್ಲಿ ಒಂದು ಅನುಕೂಲ ಇತ್ತು. ಹೆಸರಿಲ್ಲದ ಬಟನ್ನಿಗೆ ನಾವೇ ಹೆಸರಿಡಬಹುದು, ಅದು ನೆನಪಿಟ್ಟುಕೊಳ್ಳುತ್ತದೆ. ಇದು ಗೊತ್ತಾದ ದಿನ ಮಾಳಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ತಡೆದು, ಇಲ್ಲಿ ಯಾವ ಚಿತ್ರ ಇದೆ ಹೇಳಿರಿ ಎಂದು ಕೇಳಿದ. ಒಬ್ಬರು ಬಾಣ ಅಂದರು, ಅದನ್ನೇ ಇನ್ನೊಬ್ಬರು ಪಕ್ಷಿ ಅಂದರು. ಕೊನೆಗೆ ಒತ್ತಿಯೇ ನೋಡಿದ. ತಪ್ಪಿದ, ಬಿದ್ದ, ಎದ್ದ, ಹೆಸರಿಟ್ಟ. ಇಟ್ಟ ಹೆಸರುಗಳೋ ಅವನವೇ. ದುಡ್ಡು ಕಳಿಸುವ ಬಟನ್ನಿಗೆ ‘ರೊಕ್ಕ ಹೊಂಡೂ ಬಾಗಲಾ’. ಬಂದ ದುಡ್ಡು ತೋರಿಸುವುದಕ್ಕೆ ‘ಬಂತೇನು ನೋಡು’. ಜಾಹೀರಾತಿನ ಬಟನ್ನಿಗೆ ‘ಹಾಳಬಾವಿ, ದೂರ ಸರಿ’. ಅದನ್ನು ಮುಚ್ಚುವ ಬಟನ್ನಿಗೆ ‘ಬಾಯಿ ಮುಚ್ಚು’. ಹೀಗೆ ಆ್ಯಪಿನಿಂದ ಆ್ಯಪಿಗೆ ಹಬ್ಬುತ್ತ ಹಬ್ಬುತ್ತ ಆ ಫೋನಿನ ತುಂಬ ಮಾಳಪ್ಪನ ಮಾತೇ ಆಯಿತು. ಯಾರ ಕೈಗೂ ಫೋನು ಕೊಡದೆ ತನ್ನ ವ್ಯವಹಾರ ತಾನೇ ನೋಡಿಕೊಳ್ಳತೊಡಗಿದ. ಅದರ ಸುಖ ಎಂಥದೆಂದು ಪ್ರತಿಯೊಂದಕ್ಕೂ ಇನ್ನೊಬ್ಬರ ಕೈ ಕಾದು ಬದುಕಿದವರಿಗೇ ಗೊತ್ತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕಣ್ಣಿಲ್ಲದವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಬರೆಯುವ ಗೊಡವೆಯಿಲ್ಲ, ಎಲ್ಲ ಧ್ವನಿ ಸಂದೇಶ. ಅಲ್ಲಿ ಸುರೇಬಾನದ ಸೋಮವ್ವ ಎಂಬವಳು ಇದ್ದಳು. ತಿರುಗಿ ಪ್ರಶ್ನೆ ಕೇಳುವುದರಲ್ಲಿ ಮಾಳಪ್ಪನನ್ನೂ ಮೀರಿಸಿದವಳು. ಅವಳ ದನಿ ಬಂದರೆ ಮಾಳಪ್ಪ ಗಿರಾಕಿಗಳನ್ನು ನಿಲ್ಲಿಸಿ ಕೇಳುತ್ತಿದ್ದ. ಕೇಳಿದ್ದನ್ನೇ ಮತ್ತೊಮ್ಮೆ ಕೇಳುತ್ತಿದ್ದ. ಯಾಕೆಂದು ಕರೆವ್ವ ಕೇಳಿದರೆ ‘ಸರಿ ಕೇಳಸಲಿಲ್ಲ’ ಅನ್ನುತ್ತಿದ್ದ.

ಸೋಮವ್ವನ ಅಣ್ಣ ಊರಲ್ಲಿ ಹಿಟ್ಟಿನ ಗಿರಣಿ ಹಾಕಿದ್ದ, ಸೋಮವಾರ ಅದರ ಆರಂಭ. ಗಲ್ಲೆಯ ಮೇಲೆ, ದುಡ್ಡು ಇಸಿದುಕೊಳ್ಳುವ ಜಾಗದಲ್ಲಿ, ತಾನು ಕೂರುತ್ತೇನೆಂದು ಅವಳ ಹಟ. ಗಿರಾಕಿಯ ದುಡ್ಡು ಫೋನಿಗೆ ಬಂತೋ ಇಲ್ಲವೋ ಯಾರನ್ನೂ ಕೇಳದೆ ನೀನೇ ಹೇಳುವುದಾದರೆ ಕೂಡು, ಇಲ್ಲವಾದರೆ ನನ್ನ ಹೆಂಡತಿಯ ತಮ್ಮನನ್ನು ಕೂಡಿಸುತ್ತೇನೆ ಎಂದು ಅಣ್ಣ ಖಡಾಖಂಡಿತ ಹೇಳಿದ್ದ. ಸೋಮವ್ವ ಮಾಳಪ್ಪನಿಗೆ, ನೀವಿಟ್ಟ ಹೆಸರುಗಳನ್ನೆಲ್ಲ ನನ್ನ ಫೋನಿಗೂ ಕೊಡಿರಿ ಅಂದಳು. ಹೆಸರುಗಳನ್ನೆಲ್ಲ ಒಂದು ಗಂಟು ಕಟ್ಟಿ ಕಳಿಸುವ ಸೌಕರ್ಯ ಓದುಗ ಆ್ಯಪಿನಲ್ಲಿತ್ತು. ಮಾಳಪ್ಪ ಅದನ್ನು ಆಗಲೇ ಮಾಡಬಹುದಿತ್ತು. ಆದರೆ ಹುಡುಗಿಗೆ ಕೊಡುವುದಲ್ಲವೇ, ಅರೆಬರೆ ಕೊಟ್ಟರೆ ಹೇಗೆ? ಇನ್ನೊಂದು ನಾಲ್ಕು ಬಟನ್ ಆಗಲಿ, ಈ ಹೆಸರು ಒರಟಾಯಿತು ತಿದ್ದೋಣ, ಎಂದು ಇವತ್ತು ನಾಳೆ ಮಾಡುತ್ತ ಬಂದ. ಭಾನುವಾರದೊಳಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟ.

ಗುರುವಾರ ರಾತ್ರಿ ಫೋನು, ಹಿರೇಸೊಸೆಗೆ ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು. ಹಾಕಿಕೋ ಎಂದು ಒತ್ತಿ ಮಲಗಿದ. ಶುಕ್ರವಾರ ಬೆಳಗ್ಗೆ ಎದ್ದು ಗಾಜಿನ ಮೇಲೆ ಬೆರಳಿಟ್ಟರೆ ಸದ್ದಿಲ್ಲ. ಸರಿಸಿದ, ಕುಟ್ಟಿದ, ಬೈದ. ಸದ್ದೇ ಇಲ್ಲ. ಮತ್ತೆ ಅದೇ ನುಣ್ಣಗಿನ ಬಿಲ್ಲೆ.

ಶುಕ್ರವಾರ ಗುಡ್ಡಕ್ಕೆ ಜನವೋ ಜನ. ಅಂಗಡಿಯನ್ನು ಅವ್ವನಿಗೆ ಒಪ್ಪಿಸಿ ಸವದತ್ತಿಗೆ ಓಡಿದ. ಫರೀನಳ ಅಂಗಡಿ ಶುಕ್ರವಾರ ನಮಾಜು ಮುಗಿದ ಮೇಲೆಯೇ ತೆರೆಯುವುದು. ಅಲ್ಲಿಯವರೆಗೆ ತಡೆಯುವ ತಾಳ್ಮೆ ಯಾರಿಗಿದೆ? ಬಸ್ ನಿಲ್ದಾಣದ ಹತ್ತಿರ ಇನ್ನೊಬ್ಬ ರಿಪೇರಿಯವನಿದ್ದ, ಅವನ ಕೈಗೆ ಕೊಟ್ಟ. ಪಾಪ, ಆತ ಬಂದ್ ಮಾಡಿ, ಚಾಲೂ ಮಾಡಿ, ಮತ್ತೆ ಬಂದ್ ಮಾಡಿ ನೋಡಿದ. ಫೋನು ಚಾಲೂ ಆಗುತ್ತಿದೆ, ಆದರೆ ನೀವು ಹಾಕಿಕೊಂಡ ಆ್ಯಪುಗಳು ಯಾವುವೂ ಏಳುತ್ತಿಲ್ಲ, ಅಪ್‌ಡೇಟಿನಲ್ಲಿ ಏನೋ ಕೆಟ್ಟಿದೆ, ಪೂರಾ ಅಳಿಸಿ ಹೊಸದಾಗಿ ಶುರುಮಾಡಿದರೆ ಸರಿಹೋಗುತ್ತದೆ ಎಂದ.

‘ಅಳಸಲೇನ್ರಿ? ಒಂದ ಬಟನ್ ಒತ್ತಿದರ ಮುಗೀತು.’

ಅಳಿಸಿದರೆ ಹೆಸರುಗಳು? ಎಲ್ಲ ಹೋಗುತ್ತವೆ ಎಂದು ಆತ ನಿಜವನ್ನೇ ಹೇಳಿದ. ಮಾಳಪ್ಪ ಕೈ ಚಾಚಿ ಫೋನನ್ನು ಕಸಿದುಕೊಂಡ. ಆತನ ಬೆರಳು ಆ ಬಟನ್ನಿನ ಮೇಲೆ ಇತ್ತೋ ಇಲ್ಲವೋ, ಮಾಳಪ್ಪನ ಜೀವ ಮಾತ್ರ ಬಾಯಿಗೆ ಬಂದಿತ್ತು. ತಾನು ಮತ್ತೆ ಮೊದಲಿನಿಂದ ಹೆಸರಿಟ್ಟುಕೊಂಡೇನು, ತಡವಾದರೂ ಸರಿ. ಸುರೇಬಾನದಲ್ಲಿ ಒಬ್ಬಳು ಸೋಮವಾರದ ದಾರಿ ಕಾಯುತ್ತಿದ್ದಾಳಲ್ಲ! ಅವಳ ಕುರ್ಚಿ ಈ ಗಂಟಿನಲ್ಲಿತ್ತು. ಇವತ್ತು ನಾಳೆ ಎಂದು ತಳ್ಳಿದ ತನಗೆ ತಾನೇ ಬೈದುಕೊಳ್ಳುತ್ತ ಮೆಹಬೂಬಸಾಬರ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಬಿಸಿಲಲ್ಲಿ ಕುಳಿತ.

ಬಾಗಿಲು ತೆರೆಯಿತು. ಫರೀನ್ ಫೋನು ನೋಡಿದ ಕೂಡಲೇ, ಅಣ್ಣಾ, ಹೆಸರೆಲ್ಲ ಒಳಗೇ ಇವೆ, ಒಂದೂ ಹೋಗಿಲ್ಲ ಅಂದಳು. ಪರದೆಯ ಮೂಲೆಯಲ್ಲಿದ್ದ ‘ಸೇಫ್ ಮೋಡ್’ ಎಂಬ ಬರಹವನ್ನು ಓದಿ ಹೇಳಿದಳು. ಮಾಳಪ್ಪನಿಗೆ ಹೋದ ಉಸಿರು ತಿರುಗಿ ಬಂತು. ಅದೇನೆಂದು ಕೇಳಿದ. ಅವಳು ಅವನ ಭಾಷೆಯಲ್ಲೇ ಹೇಳಿದಳು. ಹಿರೇಸೊಸೆ ಎದ್ದವಳು ಮೊದಲು ಮನೆಯ ಸ್ವಂತ ಮಂದಿಯನ್ನು ಎಬ್ಬಿಸುತ್ತಾಳೆ, ಅಂದರೆ ಫೋನಿನ ಜೊತೆಗೇ ಬಂದ ಆ್ಯಪುಗಳನ್ನು. ಆಮೇಲೆ ಬಿಡಾರಕ್ಕೆ ಬಂದವರನ್ನು, ಅಂದರೆ ನಾವು ಇಳಿಸಿಕೊಂಡ ಆ್ಯಪುಗಳನ್ನು. ಬಿಡಾರದವರಲ್ಲಿ ಯಾರೋ ಒಬ್ಬ ಗಲಾಟೆ ಮಾಡುತ್ತಿದ್ದಾನೆಂದು ಅನುಮಾನ ಬಂದರೆ, ಇವತ್ತು ಹೊರಗಿನವರು ಯಾರೂ ಏಳುವುದು ಬೇಡ ಎಂದು ನಾವು ಅವಳಿಗೆ ಹೇಳಬಹುದು. ಅದೇ ಸೇಫ್ ಮೋಡ್. ಅವರ ಸಾಮಾನು ಅವರ ಕೋಣೆಯಲ್ಲಿ ಭದ್ರವಾಗಿರುತ್ತದೆ, ಅವರು ಮಾತ್ರ ಮಲಗಿರುತ್ತಾರೆ. ನಿಮ್ಮ ಓದುಗನೂ ಬಿಡಾರದವನೇ. ಬಂದ್ ಮಾಡಿ ಚಾಲೂ ಮಾಡಿದರೆ ಎಲ್ಲರೂ ಏಳುತ್ತಾರೆ.

ಮಾಡಿದಳು. ಏಳಲಿಲ್ಲ. ಮತ್ತೆ ಮಾಡಿದಳು. ಮತ್ತೆ ಸೇಫ್ ಮೋಡ್. ಫರೀನಳ ದನಿಯಲ್ಲಿದ್ದ ಹುರುಪು ಇಳಿಯಿತು. ಬಹುಶಃ ಅಪ್‌ಡೇಟಿನಲ್ಲೇ ಏನೋ ಆಗಿರಬೇಕು, ಹಾಗಿದ್ದರೆ ಅಳಿಸದೆ ಬೇರೆ ದಾರಿಯಿಲ್ಲ ಎಂದು ಅವಳೂ ಮೆಲ್ಲಗೆ ಹೇಳಿದಳು. ಆಚೆ ಬದಿಯಲ್ಲಿ ಮೆಹಬೂಬಸಾಬರು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟರು.

ಮಾಳಪ್ಪ ಸುಮ್ಮನಿರಲಿಲ್ಲ. ಅವನಿಗೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ‘ತಂಗೆವ್ವಾ, ಹಿರೇಸೊಸಿ ತನ್ನಷ್ಟಕ್ಕ ಹಿಂಗ ಮಾಡಾಕಿ ಅಲ್ಲಲ್ಲ. ಹೊರಗಿನವರನ್ನ ಎಬ್ಬಸಬ್ಯಾಡ ಅಂತ ಅಕಿಗೆ ಯಾರರ ಹೇಳಬೇಕಲ್ಲ. ಹೆಂಗ ಹೇಳತಾರ?’

ಫೋನು ಏಳುವ ಹೊತ್ತಿನಲ್ಲಿ ದನಿ ಇಳಿಸುವ ಬಟನ್ನನ್ನು ಒತ್ತಿ ಹಿಡಿದರೆ ಹೇಳಿದಂತೆ ಎಂದಳು ಫರೀನ್. ಆದರೆ ಅದನ್ನು ಯಾರೂ ಹಿಡಿದಿಲ್ಲವಲ್ಲ, ನೋಡಿರಿ, ಫೋನು ಮೇಜಿನ ಮೇಲೆ ಬಿದ್ದುಕೊಂಡಿದೆ.

ದನಿ ಇಳಿಸುವ ಬಟನ್. ಮಾಳಪ್ಪನಿಗೆ ಮೊನ್ನೆಯಿಂದ ಆಗುತ್ತಿದ್ದದ್ದು ನೆನಪಾಯಿತು. ಫೋನಿನ ದನಿ ತಾನಾಗಿಯೇ ಕುಗ್ಗುತ್ತಿತ್ತು. ಏರಿಸಿದರೆ ಮತ್ತೆ ಕುಗ್ಗುತ್ತಿತ್ತು. ಉಣ್ಣಲಿಕ್ಕೆ ಕೊಟ್ಟಿಲ್ಲವೇ ನಿನಗೆ ಎಂದು ಅದಕ್ಕೆ ಬೈದಿದ್ದ. ಈಗ ಫೋನನ್ನು ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಸವರಿದ. ಮೇಲಿನ ಬಟನ್ ಒತ್ತಿದರೆ ಒಳಗೆ ಹೋಗಿ ಪುಟಿದು ಬಂತು. ಕೆಳಗಿನದು ಬರಲೇ ಇಲ್ಲ. ಅಂಚಿಗೆ ಸಮವಾಗಿ, ಗಟ್ಟಿಯಾಗಿ, ಒಳಗೇ ಕುಳಿತಿತ್ತು. ಉಗುರು ಹಾಕಿ ಕೆರೆದ. ಉಗುರಿಗೆ ಬಂದದ್ದನ್ನು ಮೂಗಿಗೆ ಹಿಡಿದ. ಅರಿಷಿಣ. ಕುಸುಬಿ ಎಣ್ಣೆ. ತನ್ನದೇ ಅಂಗಡಿಯ ಭಂಡಾರ.

‘ಹಿಡದಾರವ್ವ. ಮೊನ್ನಿಂದನೂ ಹಿಡಕೊಂಡ ನಿಂತಾರ,’ ಅಂದ.

ಯಾರ ಕೈಯೆಂದು ಅವನಿಗೆ ಕೇಳಬೇಕಾಗಿರಲಿಲ್ಲ. ಎಲ್ಲಮ್ಮನ ಪಾದದಡಿಯ ಊರಿನಲ್ಲಿ ಮಂಗಳವಾರ, ಶುಕ್ರವಾರ ಹೊಸ್ತಿಲಿಗೆ, ತಕ್ಕಡಿಗೆ, ಒಳಕಲ್ಲಿಗೆ ಭಂಡಾರ ಹಚ್ಚುವುದು ರೂಢಿ. ಪುಡಿ ಉದುರಬಾರದೆಂದು ಕರೆವ್ವ ಅದನ್ನು ಎಣ್ಣೆಯಲ್ಲಿ ಕಲಸುತ್ತಾಳೆ. ಮಗನಿಗೆ ಕಣ್ಣಾಗಿ ಬಂದ ಫೋನನ್ನು ಬಿಟ್ಟಾಳೆಯೇ? ಮೊದಮೊದಲು ಗಾಜಿನ ಮೇಲೆಯೇ ಬೊಟ್ಟು ಇಟ್ಟಿದ್ದಳು. ಬೆರಳು ಜಾರುತ್ತದೆ, ಮುಖಕ್ಕೆ ಹಚ್ಚಬೇಡ, ಬೇಕಾದರೆ ಬದಿಗೆ ಹಚ್ಚು ಎಂದು ಹೇಳಿಕೊಟ್ಟವನು ಅವನೇ. ಮಗ ಹೇಳಿದಂತೆ ಅವಳು ವಾರವಾರವೂ ತಪ್ಪದೆ ಬದಿಗೆ ಹಚ್ಚಿದಳು. ಅದು ಬಟನ್ನಿನ ಸಂದಿಗೆ ಇಳಿದು, ಧೂಳು ಹಿಡಿದು, ಗಟ್ಟಿಯಾಗಿ, ಕೊನೆಗೆ ಬಟನ್ನನ್ನು ಒಳಗೇ ಕೂಡಿಸಿಬಿಟ್ಟಿತು. ಫೋನು ಬಂದ್ ಆಗದೆ ನಡೆಯುವವರೆಗೆ ದನಿ ಕುಗ್ಗಿದ್ದಷ್ಟೇ ತೊಂದರೆ. ಅಪ್‌ಡೇಟಿಗೆಂದು ಫೋನು ಮಲಗಿ ಏಳುವಾಗ ಹಿರೇಸೊಸೆ ನೋಡಿದಳು, ಬಟನ್ ಒತ್ತಿ ಹಿಡಿದಿದ್ದಾರೆ, ಯಜಮಾನನ ಅಪ್ಪಣೆ ಎಂದುಕೊಂಡಳು. ಆಕೆ ಕೆಟ್ಟಿರಲಿಲ್ಲ. ಹೇಳಿದ್ದನ್ನು ಕೇಳುತ್ತಿದ್ದಳು.

ಫರೀನ್ ಗಕ್ಕನೆ ಎದ್ದು ಫೋನನ್ನು ಅಪ್ಪನ ಮುಂದಿಟ್ಟಳು. ಇಷ್ಟು ಸೂಕ್ಷ್ಮದ ಕೆಲಸಕ್ಕೆ ಗಡಿಯಾರದ ಚಿಮಟವೇ ಆಗಬೇಕು. ಮೆಹಬೂಬಸಾಬರು ಭೂತಗನ್ನಡಿ ಸಿಕ್ಕಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಸಂದಿಯನ್ನು ನೆನೆಸಿ, ಕೂದಲಿನಷ್ಟು ತೆಳುವಾದ ಚಿಮಟದ ತುದಿಯಿಂದ ಹಳದಿಯ ಗಟ್ಟಿಯನ್ನು ಚೂರುಚೂರಾಗಿ ಎತ್ತತೊಡಗಿದರು. ದೇವಿಯದೆಂದು ಆ ಚೂರುಗಳನ್ನು ನೆಲಕ್ಕೆ ಬೀಳಿಸದೆ ಒಂದು ಕಾಗದದ ಮೇಲೆ ಕೂಡಿಸಿದರು. ಮಾಳಪ್ಪ ಕಿವಿಗೊಟ್ಟು ನಿಂತಿದ್ದ. ಬೀದಿಯಲ್ಲಿ ಟ್ರ್ಯಾಕ್ಟರೊಂದು ಹಾದುಹೋದರೆ ಅದಕ್ಕೂ ಮನಸ್ಸಿನಲ್ಲೇ ಬೈದ. ಆಮೇಲೆ ಕೇಳಿಸಿತು, ಬಟನ್ ಪುಟಿದ ಸದ್ದು, ಟಿಕ್ ಎಂದು.

ಫೋನು ಚಾಲೂ ಮಾಡಿದರು. ಫರೀನ್, ಮೂಲೆಯಲ್ಲಿ ಆ ಬರಹ ಇಲ್ಲ, ಎಲ್ಲರೂ ಎದ್ದರು ಅಂದಳು. ಮಾಳಪ್ಪ ಬೆರಳಿಟ್ಟ. ಸದ್ದಿಲ್ಲ. ಫರೀನ್ ತಡೆಯಿರಿ ತಡೆಯಿರಿ ಎನ್ನುತ್ತ ಸೆಟ್ಟಿಂಗ್ಸಿಗೆ ಹೋದಳು. ಇಷ್ಟು ಹೊತ್ತು ಮಲಗಿದ್ದ ಓದುಗನಿಗೆ ಪರದೆ ನೋಡುವ ಅಪ್ಪಣೆಯನ್ನು ಹಿರೇಸೊಸೆ ಹಿಂದಕ್ಕೆ ಪಡೆದಿದ್ದಳು, ಅದನ್ನು ಮತ್ತೆ ಕೊಡಿಸಿದಳು. ದನಿಯೂ ಸೊನ್ನೆಗೆ ಇಳಿದಿತ್ತು, ಅದನ್ನು ಏರಿಸಿದಳು. ಈಗ ಮುಟ್ಟಿರಿ ಅಂದಳು.

ಮಾಳಪ್ಪ ದುಡ್ಡಿನ ಆ್ಯಪು ತೆರೆದ. ‘ರೊಕ್ಕ ಹೊಂಡೂ ಬಾಗಲಾ,’ ಅಂತು ಫೋನು, ಅಂಗಡಿಯೆಲ್ಲ ಮೊಳಗುವಂತೆ. ‘ಬಂತೇನು ನೋಡು.’ ‘ಹಾಳಬಾವಿ, ದೂರ ಸರಿ.’ ‘ಬಾಯಿ ಮುಚ್ಚು.’ ಮೆಹಬೂಬಸಾಬರು ಭೂತಗನ್ನಡಿ ಬಿದ್ದುಹೋಗುವಂತೆ ನಕ್ಕರು. ಫರೀನ್ ನಗುನಗುತ್ತ ಕಣ್ಣೊರೆಸಿಕೊಂಡಳು. ಮಾಳಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದ. ಅವನಷ್ಟು ಸಂತೋಷದ ಮನುಷ್ಯ ಆ ಹೊತ್ತು ಸವದತ್ತಿ ಪೇಟೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಅಲ್ಲೇ ನಿಂತು, ಒಂದು ಹೆಸರನ್ನೂ ತಿದ್ದದೆ, ಒರಟಾದದ್ದು ಒರಟಾಗಿಯೇ ಇರಲೆಂದು ಎಲ್ಲವನ್ನೂ ಗಂಟು ಕಟ್ಟಿ ಸುರೇಬಾನಕ್ಕೆ ಕಳಿಸಿದ. ಫರೀನ್ ಹಣ ಬೇಡವೆಂದಳು. ನಾಳೆ ಒಳ್ಳೆಯ ಕಾಯಿ ತಂದುಕೊಡುತ್ತೇನೆ ಅಂದ.

ಬಸ್ಸಿನಲ್ಲಿ ಅವ್ವನಿಗೆ ಏನು ಹೇಳುವುದೆಂದು ಯೋಚಿಸುತ್ತ ಬಂದ. ಬೈಯಬೇಕೆಂದು ಒಂದಿಷ್ಟು ಮಾತು ಜೋಡಿಸಿಯೂ ಇಟ್ಟಿದ್ದ. ಮನೆಗೆ ಬಂದರೆ ಕರೆವ್ವ ಊಟ ಬಿಟ್ಟು ಕುಳಿತಿದ್ದಳು. ಫೋನು ಮಾತಾಡಿದರೆ ಬರಿಗಾಲಲ್ಲಿ ಗುಡ್ಡ ಏರಿ ಬರುತ್ತೇನೆಂದು ದೇವಿಗೆ ಬೇಡಿಕೊಂಡಿದ್ದಳು. ಜೋಡಿಸಿದ ಮಾತೆಲ್ಲ ಮಾಳಪ್ಪನ ಬಾಯಲ್ಲೇ ಕರಗಿದವು. ನಡೆದದ್ದನ್ನು ನಡೆದ ಹಾಗೆ ಹೇಳಿದ, ತಾನೇ ಬದಿಗೆ ಹಚ್ಚು ಎಂದು ಹೇಳಿಕೊಟ್ಟದ್ದನ್ನೂ ಬಿಡದೆ.

ಕರೆವ್ವ ತನ್ನ ಬೆರಳಿನ ಅರಿಷಿಣವನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, ಮನೆ ನಡೆಸುವ ಹಿರೇಸೊಸೆಯ ಕೈಯನ್ನು ತಾನೇ ಹಿಡಿದು ಕುಳಿತೆನಲ್ಲ ಎಂದು ನೊಂದುಕೊಂಡಳು. ಮಾಳಪ್ಪ ಅವಳ ಎದುರು ಕುಳಿತು, ಇನ್ನುಮೇಲೆ ಫೋನಿನ ಚೀಲಕ್ಕೆ ಹಚ್ಚು, ದೇವಿಗೆ ಅಷ್ಟು ತಿಳಿಯುತ್ತದೆ ಎಂದು ಸಮಾಧಾನ ಮಾಡಿದ. ಅವಳ ಬಾಯಿಗೆ ಮೊದಲ ತುತ್ತು ಅವನೇ ಇಟ್ಟ. ಹರಕೆಯನ್ನಂತೂ ಅವಳು ಬಿಡಲಿಲ್ಲ, ಮರುದಿನ ಬೆಳಗಾಗುವುದರೊಳಗೆ ಗುಡ್ಡ ಏರಿ ಇಳಿದು ಬಂದಿದ್ದಳು.

ಸೋಮವಾರ ಇಡೀ ದಿನ ಮಾಳಪ್ಪ ಮನಸ್ಸಿಟ್ಟು ಒಂದು ಕಾಯಿಯನ್ನೂ ಕುಟ್ಟಲಿಲ್ಲ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಫೋನು ಬಂತು. ಸೋಮವ್ವ. ಅವಳ ಹಿಂದೆ ಗಿರಣಿಯ ಪಟ್ಟೆ ಇನ್ನೂ ಸದ್ದು ಮಾಡುತ್ತಿತ್ತು. ಬೆಳಗಿನಿಂದ ಗಲ್ಲೆ ಬಿಟ್ಟು ಎದ್ದಿಲ್ಲವಂತೆ. ಮೊದಲ ಗಿರಾಕಿ ಜೋಳ ಬೀಸಿಸಿಕೊಂಡು ರೊಕ್ಕ ಹಾಕೇನಿ ಅಂದನಂತೆ, ಇವಳು ಬೆರಳಾಡಿಸಿ ಇನ್ನೂ ಬಂದಿಲ್ಲ ನೋಡ್ರಿ ಅಂದಳಂತೆ, ಆತ ನಾಚಿ ಮತ್ತೊಮ್ಮೆ ಹಾಕಿದನಂತೆ. ಅಣ್ಣ ಹತ್ತಿರವೇ ನಿಂತು ಕೇಳಿದ, ಏನೂ ಅನ್ನಲಿಲ್ಲ, ಮಧ್ಯಾಹ್ನ ತಾನಾಗಿಯೇ ಒಂದು ಮೆತ್ತನೆಯ ಕುರ್ಚಿ ತಂದು ಹಾಕಿದ. ಇದನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಮಾಳಪ್ಪ ಹೂಂ ಹೂಂ ಎನ್ನುವುದನ್ನೂ ಮರೆತು ಕೇಳುತ್ತಿದ್ದ.

ಆಮೇಲೆ ಅವಳ ದನಿ ಸ್ವಲ್ಪ ಸಾವಕಾಶವಾಯಿತು. ‘ಮಾಳಪ್ಪನವರ, ಗಿರಣಿ ಹಿಟ್ಟಿನ ಲೆಕ್ಕಕ್ಕಂತ ಅಣ್ಣ ಒಂದು ಹೊಸಾ ಆ್ಯಪ್ ಹಾಕ್ಯಾನ್ರಿ. ಅದರಾಗ ಒಂದಕ್ಕೂ ಹೆಸರಿಲ್ಲ. ಒಬ್ಬಾಕಿ ಕುಂತು ಇಡಾಕ ನನಗ ಮನಸಿಲ್ಲ. ನೀವೂ ಬಂದರ ಇಬ್ಬರೂ ಕೂಡಿ ಇಡಬಹುದು. ಅಣ್ಣಗೂ ಹೇಳೇನಿ. ಕರಕೊಂಡ ಬಾ ಅಂದಾನ.’

ಕಣ್ಣಿಲ್ಲದ ಮಾಳಪ್ಪನಿಗೆ ಬಾಯಿಯೂ ಇಲ್ಲದಂತಾಯಿತು. ಬರುತ್ತೇನೆ ಅನ್ನಲಿಕ್ಕೆ ಎಷ್ಟು ಹೊತ್ತು ಬೇಕು? ಅವನಿಂದ ಅದೂ ಆಗಲಿಲ್ಲ. ಸುರೇಬಾನದಲ್ಲಿ ಸೋಮವ್ವ ಫೋನು ಹಿಡಿದುಕೊಂಡು ಕಾಯುತ್ತಿದ್ದಳು.

ಸ್ಪೀಕರಿನ ಮಾತೆಲ್ಲ ಕೇಳುತ್ತ ಭಂಡಾರದ ಡಬ್ಬಿಗಳಿಗೆ ಮುಚ್ಚಳ ಹಾಕುತ್ತಿದ್ದ ಕರೆವ್ವ ಕೆಲಸ ಬಿಟ್ಟು ಬಂದು ಮಗನ ಕೈಯೊಳಗಿನ ಫೋನಿಗೆ ಬಾಯಿ ಹಚ್ಚಿದಳು.

‘ಬುಧವಾರ ಮುಂಜಾನೆ ಬಸ್ಸಿಗೆ ಬರತೇವವ್ವ,’ ಅಂದಳು. ‘ಅವನೂ ಬರತಾನ, ನಾನೂ ಬರತೇನಿ. ನಿಮ್ಮಣ್ಣಗ ಮನ್ಯಾಗ ಇರಾಕ ಹೇಳು.’